ಸಿಕ್ಕವನೇ ಅಪರಾಧಿಯೇ?



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮಗೆಲ್ಲ ಗೊತ್ತು. ಹೋಟೆಲಿನ ಗಲ್ಲೆಯಲ್ಲಿ ಹಣ ಕಡಿಮೆ ಬಿದ್ದ ದಿನ ಮೊದಲು ತೆರೆಸುವುದು ಮಾಣಿಯ ಟ್ರಂಕನ್ನು. ಗಿರಣಿಯ ಗೇಟಿನಲ್ಲಿ ಗಲಾಟೆಯಾದ ದಿನ ಮೊದಲು ಬರೆದುಕೊಳ್ಳುವುದು ಸಂಘದ ಕಾರ್ಯದರ್ಶಿಯ ಹೆಸರನ್ನು. ಇವೆಲ್ಲ ಸಣ್ಣ ಮಾತೆಂದು ನಾವು ನುಂಗಿಕೊಂಡು ಬಂದಿದ್ದೇವೆ. ಆದರೆ ಇದೇ ಪದ್ಧತಿ ಪೊಲೀಸ್ ಠಾಣೆಯನ್ನು ಹೊಕ್ಕು, ಅಲ್ಲಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಏನಾಗುತ್ತದೆ? ಆಂಧ್ರದ ಎರಡು ನಗರಗಳು ಇದಕ್ಕೆ ಉತ್ತರ ಹೇಳುತ್ತವೆ. ವಿಜಯವಾಡದಲ್ಲಿ, ಮಾಡದ ತಪ್ಪಿಗೆ ಬಡ ಯುವಕನೊಬ್ಬ ಎಂಟು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿ ಕೊಳೆತ. ವಿಶಾಖಪಟ್ಟಣದಲ್ಲಿ, ಹನ್ನೊಂದು ಬಡ ಹೆಂಗಸರು ಕೊಟ್ಟ ದೂರು ಹದಿನಾರನೆಯ ವರ್ಷದಲ್ಲಿ ಗಾಳಿಗೆ ಹೋಯಿತು. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾದ ಈ ಎರಡು ಅನ್ಯಾಯಗಳ ಬೇರು ಒಂದೇ ಎಂದು ನಾವು ಹೇಳುತ್ತೇವೆ.

ಮೊದಲು ವಿಜಯವಾಡದ ಮಾತು. ೨೦೦೭ರ ಡಿಸೆಂಬರ್ ೨೭ರಂದು ನಗರದ ಸಮೀಪದ ಇಬ್ರಾಹಿಂಪಟ್ಟಣದ ಹಾಸ್ಟೆಲೊಂದರಲ್ಲಿ, ಬಿ. ಫಾರ್ಮಸಿ ಓದುತ್ತಿದ್ದ ಹೆಣ್ಣುಮಗಳೊಬ್ಬಳ ಶವ ಸಿಕ್ಕಿತು. ಆಕೆಯ ಮೇಲೆ ಅತ್ಯಾಚಾರ ನಡೆಸಿ ಕೊಲೆ ಮಾಡಿದ್ದರು. ಆಕೆಯ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಊರಿಗೆ ಊರೇ ಕೆರಳಿತು. ಅಪರಾಧಿಯನ್ನು ಹಿಡಿಯಿರೆಂದು ಜನ ಬೀದಿಗಿಳಿದರು. ತಿಂಗಳುಗಳು ಉರುಳಿದರೂ ಪ್ರಕರಣ ಬಗೆಹರಿಯಲಿಲ್ಲ. ಕೊನೆಗೆ ೨೦೦೮ರ ಆಗಸ್ಟಿನಲ್ಲಿ, ಮೊಬೈಲ್ ಕಳವಿನ ಆಪಾದನೆಯ ಮೇಲೆ ಹಿಡಿದಿದ್ದ ಸತ್ಯಂ ಬಾಬು ಎಂಬ ಯುವಕನನ್ನು ತಂದು ನಿಲ್ಲಿಸಿ, ಇವನೇ ಕೊಲೆಗಾರನೆಂದರು. ಆತ ದಲಿತ, ಬಡವ, ಬೆನ್ನಿಗೆ ಯಾರೂ ಇಲ್ಲದವ. ತಾನೇ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದರು. ಹೊಡೆದು ಬೆದರಿಸಿ ಒಪ್ಪಿಸಿದರೆಂದು ಆತ ಹೇಳಿದ.

ಹುಡುಗಿಯರು ತುಂಬಿದ್ದ ಹಾಸ್ಟೆಲಿಗೆ ಈತನೊಬ್ಬನೇ ನುಗ್ಗಿ, ಒಬ್ಬರಿಗೂ ಎಚ್ಚರವಾಗದಂತೆ ಇಷ್ಟೆಲ್ಲ ಮಾಡಿ ಹೋದನೆಂಬುದು ಪೊಲೀಸರ ಕಥೆ. ಈ ಕಥೆಯನ್ನು ಮೊದಲು ಒಪ್ಪದವರು ಯಾರು ಗೊತ್ತೆ? ಸತ್ತ ಹುಡುಗಿಯ ಹೆತ್ತವರು! ಮಗಳನ್ನು ಕಳೆದುಕೊಂಡ ತಾಯಿಯೇ ಎದ್ದು ನಿಂತು, ಈ ಹುಡುಗ ನಿರಪರಾಧಿ, ನಿಜವಾದ ಪಾತಕಿಗಳನ್ನು ಹಿಡಿಯಿರಿ ಎಂದರು. ಸೇಡಿನ ಉರಿಯಲ್ಲಿ ಸಿಕ್ಕವನ ಕೊರಳು ಕೇಳಬಹುದಾಗಿದ್ದ ತಾಯಿ ಸತ್ಯವನ್ನು ಕೇಳಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿತ್ತೆ? ಆದರೂ ೨೦೧೦ರ ಸೆಪ್ಟೆಂಬರ್ ೨೯ರಂದು ವಿಜಯವಾಡದ ನ್ಯಾಯಾಲಯ ಆತನಿಗೆ ಶಿಕ್ಷೆ ವಿಧಿಸಿತು. ಜೈಲಿನಲ್ಲಿ ನರರೋಗ ಬಡಿದು ಆತನ ಕಾಲುಗಳು ಸೋತವು.

ತಾಯಿ ಸುಮ್ಮನಾಗಲಿಲ್ಲ. ಮಹಿಳಾ ಸಂಘಗಳು, ದಲಿತ ಸಂಘಟನೆಗಳು, ಹಕ್ಕುಗಳಿಗಾಗಿ ದುಡಿಯುವ ವಕೀಲರು ಸುಮ್ಮನಾಗಲಿಲ್ಲ. ೨೦೧೭ರ ಮಾರ್ಚ್ ೩೧ರಂದು ಹೈದರಾಬಾದಿನ ಉಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿ, ಸತ್ಯಂ ಬಾಬುವನ್ನು ನಿರ್ದೋಷಿಯೆಂದು ಬಿಟ್ಟಿತು. ತನಿಖೆ ನಡೆಸಿದ ಪೊಲೀಸರ ಮೇಲೆ ಕ್ರಮ ಕೈಗೊಳ್ಳಬೇಕೆಂದಿತು. ಪರಿಹಾರವಾಗಿ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿತು.

ಒಂದು ಲಕ್ಷ! ಲೆಕ್ಕ ಹಾಕಿ ನೋಡಿ, ಬಂಧುಗಳೇ. ಆತ ಸೆರೆಯಲ್ಲಿ ಕಳೆದದ್ದು ಮೂರು ಸಾವಿರ ದಿನ ಎಂದೇ ಹಿಡಿಯೋಣ. ದಿನಕ್ಕೆ ಮೂವತ್ತಮೂರು ರೂಪಾಯಿ ಬಿತ್ತು. ನಾವು ಮೇಜಿಗೆ ತಂದಿಡುವ ಎರಡು ಲೋಟ ಕಾಫಿಯ ಬೆಲೆ. ಒಬ್ಬ ಮನುಷ್ಯನ ಯೌವನದ ಒಂದು ಹಗಲು ಒಂದು ರಾತ್ರಿಗೆ ಈ ದೇಶ ಕಟ್ಟಿದ ಬೆಲೆ ಇದು. ಸುಳ್ಳು ಗೂಢಚರ್ಯೆಯ ಮೊಕದ್ದಮೆಯಲ್ಲಿ ಐವತ್ತು ದಿನ ಸೆರೆಯಲ್ಲಿದ್ದ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಐವತ್ತು ಲಕ್ಷ ರೂಪಾಯಿ ಕೊಡಿಸಿತು. ಅವರಿಗೆ ಸಿಕ್ಕಿದ್ದು ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ. ಅವರ ನೋವಿಗೆ ಅದೂ ಕಡಿಮೆಯೇ. ಆದರೆ ಬಡವನ ದಿನಕ್ಕೂ ವಿಜ್ಞಾನಿಯ ದಿನಕ್ಕೂ ಇಪ್ಪತ್ತನಾಲ್ಕೇ ಗಂಟೆ ಅಲ್ಲವೆ ಎಂದು ಕೇಳುತ್ತಿದ್ದೇವೆ.

ಇನ್ನೊಂದು ಮಾತನ್ನು ಮರೆಯಬಾರದು. ತಪ್ಪಿಲ್ಲದವನನ್ನು ಜೈಲಿಗೆ ಹಾಕಿದರೆ ಎರಡು ಮನೆ ಹಾಳಾಗುತ್ತವೆ. ಸೆರೆಯಾದವನ ಮನೆ ಒಂದು. ನ್ಯಾಯ ಸಿಗದೆ ಹೋದವರ ಮನೆ ಇನ್ನೊಂದು. ಸುಳ್ಳು ಅಪರಾಧಿ ಒಳಗಿದ್ದಷ್ಟು ಕಾಲ ನಿಜವಾದ ಪಾತಕಿ ಹೊರಗೆ ಎದೆಯುಬ್ಬಿಸಿ ತಿರುಗುತ್ತಾನೆ. ವಿಜಯವಾಡದ ನ್ಯಾಯಾಲಯದಲ್ಲಿದ್ದ ಸಾಕ್ಷ್ಯ ವಸ್ತುಗಳೇ ನಾಶವಾಗಿದ್ದವೆಂಬುದು ಆಮೇಲೆ ಬೆಳಕಿಗೆ ಬಂತು. ೨೦೧೮ರಲ್ಲಿ ಉಚ್ಚ ನ್ಯಾಯಾಲಯ ಹೊಸ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ೨೦೧೯ರ ಡಿಸೆಂಬರಿನಲ್ಲಿ ತೆನಾಲಿಯ ಸ್ಮಶಾನದಲ್ಲಿ ಆ ಹೆಣ್ಣುಮಗಳ ಗೋರಿಯನ್ನು ಅಗೆದು ಮೂಳೆಗಳನ್ನು ಪರೀಕ್ಷೆಗೆ ತೆಗೆದರು. ಹನ್ನೆರಡು ವರ್ಷದ ಮೇಲೆ! ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ.

ಈಗ ವಿಶಾಖಪಟ್ಟಣಕ್ಕೆ ಬನ್ನಿ. ೨೦೦೭ರ ಆಗಸ್ಟ್ ೨೦ರಂದು, ಆಗಿನ ವಿಶಾಖಪಟ್ಟಣ ಜಿಲ್ಲೆಯ ಕಾಡಿನ ಹಳ್ಳಿ ವಾಕಪಲ್ಲಿಗೆ ನಕ್ಸಲರನ್ನು ಹುಡುಕುವ 'ಗ್ರೇಹೌಂಡ್ಸ್' ಪೊಲೀಸರ ಪಡೆ ಬಂತು. ಪೊಲೀಸರು ಗುಂಪಾಗಿ ತಮ್ಮ ಮೇಲೆ ಅತ್ಯಾಚಾರ ನಡೆಸಿದರೆಂದು ಹನ್ನೊಂದು ಆದಿವಾಸಿ ಹೆಂಗಸರು ಅದೇ ದಿನ ದೂರು ಕೊಟ್ಟರು. ಇಲ್ಲಿ ಆರೋಪಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟವೇ ಇರಲಿಲ್ಲ. ಆ ಪಡೆಯಲ್ಲಿ ಯಾರ್ಯಾರಿದ್ದರೆಂಬ ಪಟ್ಟಿ ಇಲಾಖೆಯ ಕೈಯಲ್ಲೇ ಇತ್ತು. ಹಾಗಿದ್ದರೂ ಗುರುತು ಹಿಡಿಯುವ ಪರೇಡನ್ನು ನಡೆಸಲೇ ಇಲ್ಲ. ವಿಚಾರಣೆ ಆರಂಭವಾಗಲಿಕ್ಕೇ ಹತ್ತು ವರ್ಷ ಹಿಡಿಯಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಗದರಿಸಬೇಕಾಯಿತು. ೨೦೨೩ರ ಏಪ್ರಿಲ್ ೬ರಂದು ವಿಶಾಖಪಟ್ಟಣದ ವಿಶೇಷ ನ್ಯಾಯಾಲಯ ಹದಿಮೂರು ಪೊಲೀಸರನ್ನೂ ಬಿಡುಗಡೆ ಮಾಡಿತು. ತನಿಖೆ ಸರಿಯಾಗಿ ನಡೆಯಲಿಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಿ, ಆ ಹೆಂಗಸರಿಗೆ ಪರಿಹಾರ ಕೊಡಬೇಕೆಂದೂ ಆದೇಶಿಸಿತು.

ಸಾಕ್ಷ್ಯವಿಲ್ಲದೆ ಆ ಪೊಲೀಸರನ್ನು ಶಿಕ್ಷಿಸಬೇಕಾಗಿತ್ತೆಂದು ನಾವು ವಾದಿಸುವುದಿಲ್ಲ. ಸತ್ಯಂ ಬಾಬುವಿಗೆ ಒಂದು ನ್ಯಾಯ, ಪೊಲೀಸನಿಗೆ ಒಂದು ನ್ಯಾಯ ಎಂದರೆ ನಮಗೂ ಅವರಿಗೂ ವ್ಯತ್ಯಾಸವೇನು? ನಮ್ಮ ಪ್ರಶ್ನೆ ತನಿಖೆಯ ಮೇಲೆ. ಆರೋಪಿ ಬಡವನಾದರೆ ಇಲ್ಲದ ಸಾಕ್ಷ್ಯ ಹುಟ್ಟಿಕೊಳ್ಳುತ್ತದೆ. ಆರೋಪಿ ಖಾಕಿ ತೊಟ್ಟವನಾದರೆ ಇರಬೇಕಾದ ಸಾಕ್ಷ್ಯವೂ ಕಾಣದಾಗುತ್ತದೆ. ನ್ಯಾಯಾಧೀಶರ ಮುಂದೆ ಕಡತ ಹೋಗುವ ಮೊದಲೇ, ಠಾಣೆಯ ಮೊದಲ ಕೆಲವು ದಿನಗಳಲ್ಲೇ ಮೊಕದ್ದಮೆ ಮುಗಿದಿರುತ್ತದೆ. ಬೇರು ಇರುವುದು ಅಲ್ಲಿ.

"ಇಂಥ ಪಾತಕಿಗಳಿಗೆ ವಿಚಾರಣೆಯೇಕೆ, ಸಿಕ್ಕಲ್ಲೇ ಗುಂಡು ಹಾಕಬೇಕು" ಎನ್ನುವವರು ನಮ್ಮ ಕೋಣೆಗಳಲ್ಲೂ ಇದ್ದಾರೆ. ಅವರಿಗೆ ಒಂದು ಮಾತು. ೨೦೧೯ರ ಡಿಸೆಂಬರ್ ೬ರಂದು ಹೈದರಾಬಾದಿನ ಹತ್ತಿರ, ಗುಂಪು ಅತ್ಯಾಚಾರ ಮತ್ತು ಕೊಲೆಯ ಆರೋಪ ಹೊತ್ತಿದ್ದ ನಾಲ್ವರನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಲಾರಿಯ ಮೇಲೆ ದುಡಿಯುತ್ತಿದ್ದ ಹುಡುಗರು. ಜನ ಪೊಲೀಸರ ಮೇಲೆ ಹೂವು ಸುರಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ಹೇಳಿದ್ದು ೨೦೨೨ರಲ್ಲಿ ಬಹಿರಂಗವಾಯಿತು. ಹೂವು ಸುರಿದ ಅದೇ ತಿಂಗಳಲ್ಲಿ ತೆನಾಲಿಯಲ್ಲಿ ಗೋರಿ ಅಗೆಯುತ್ತಿದ್ದರು! ೨೦೦೮ರಲ್ಲಿ ಸತ್ಯಂ ಬಾಬುವಿಗೂ ಗುಂಡು ಹಾಕಿದ್ದರೆ ಇಂದು ಆತ ನಿರ್ದೋಷಿಯೆಂದು ಯಾರಿಗೆ ಗೊತ್ತಾಗುತ್ತಿತ್ತು? ಜೈಲಿನ ಬಾಗಿಲನ್ನು ತೆರೆಯಬಹುದು. ಚಟ್ಟ ಏರಿದವನನ್ನು ಇಳಿಸಲಾಗುವುದಿಲ್ಲ.

ಇದು ನಮಗೆ ಹೊರಗಿನ ಮಾತಲ್ಲ. ಗುಂಪಾಗಿ ನಿಲ್ಲುವುದೇ ಕಾರ್ಮಿಕನ ಬಲ. ಆ ಬಲವನ್ನೇ ಕಾನೂನು ಆತನ ಕುತ್ತಿಗೆಗೆ ಉರುಳು ಮಾಡಬಲ್ಲದು. ಅಕ್ರಮ ಕೂಟದಲ್ಲಿ ಒಬ್ಬ ಮಾಡಿದ ಕೃತ್ಯಕ್ಕೆ ಕೂಟದಲ್ಲಿದ್ದ ಎಲ್ಲರೂ ಹೊಣೆಯೆಂದು ದಂಡಸಂಹಿತೆಯ ೧೪೯ನೆಯ ಕಲಮು ಹೇಳುತ್ತಿತ್ತು. ಈಗ ಅದೇ ಮಾತು ನ್ಯಾಯಸಂಹಿತೆಯ ೧೯೦ನೆಯ ಕಲಮಿನಲ್ಲಿದೆ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ ೧೯೪೧ರಲ್ಲಿ ಮೆರವಣಿಗೆಯ ನಡುವೆ ಒಬ್ಬ ಪೊಲೀಸ್ ಪೇದೆ ಹೊಳೆಯಲ್ಲಿ ಸತ್ತದ್ದಕ್ಕೆ ೧೯೪೩ರಲ್ಲಿ ನಾಲ್ವರು ರೈತರು ಗಲ್ಲಿಗೇರಿದರು. ನಿರಂಜನರ 'ಚಿರಸ್ಮರಣೆ'ಯನ್ನು ಓದಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ೨೦೧೨ರ ಜುಲೈ ೧೮ರಂದು ಹರಿಯಾಣದ ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ ಗಲಭೆಯಾಗಿ ಅಧಿಕಾರಿಯೊಬ್ಬರು ಬೆಂಕಿಯಲ್ಲಿ ಸತ್ತರು. ಆ ಸಾವು ಖಂಡನೀಯ. ಆದರೆ ವಿಚಾರಣೆಗೆ ನಿಲ್ಲಿಸಿದ ೧೪೮ ಕಾರ್ಮಿಕರಲ್ಲಿ ೧೧೭ ಮಂದಿಯನ್ನು ೨೦೧೭ರಲ್ಲಿ ನ್ಯಾಯಾಲಯವೇ ನಿರ್ದೋಷಿಗಳೆಂದು ಬಿಟ್ಟಿತು. ಅವರಲ್ಲಿ ಬಹಳ ಮಂದಿ ಅದಾಗಲೇ ವರ್ಷಗಟ್ಟಲೆ ಜೈಲು ಉಂಡಿದ್ದರು. ಜೀವಾವಧಿ ಶಿಕ್ಷೆಯಾದ ಹದಿಮೂರು ಮಂದಿಯಲ್ಲಿ ಹನ್ನೆರಡು ಮಂದಿ ಸಂಘದ ಪದಾಧಿಕಾರಿಗಳು. ಇದು ಕಾಕತಾಳೀಯವೆಂದು ಯಾರಾದರೂ ನಂಬುವುದಿದ್ದರೆ ನಂಬಲಿ. ನಾವು ನಂಬುವುದಿಲ್ಲ.

ಬರಿಯ ಆಕ್ರೋಶದಿಂದ ಯಾವ ಜೈಲಿನ ಬೀಗವೂ ತೆರೆಯುವುದಿಲ್ಲ. ಕಾನೂನಿನಲ್ಲೇ ನಮಗೆ ಇರುವ ಹಿಡಿಗಳನ್ನು ತಿಳಿದಿರಬೇಕು. ಬಂಧಿಸಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ ೨೨ನೆಯ ವಿಧಿ ಹೇಳುತ್ತದೆ. ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು, ನೆಂಟರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು ಎಂದು ೧೯೯೬ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕಟ್ಟಳೆ ಮಾಡಿತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಗುಂಪು ಮೊಕದ್ದಮೆಯಲ್ಲಿ ಒಬ್ಬ ಸಾಕ್ಷಿಯ ಮಾತಿಗೆ ಜೋತುಬೀಳದೆ, ಎರಡು ಮೂರು ಸಾಕ್ಷಿಗಳ ಹೊಂದಿಕೆಯ ಮಾತು ಇದೆಯೇ ಎಂದು ನೋಡುವುದು ಒಳ್ಳೆಯದೆಂದು ೧೯೬೪ರ ಮಸಲ್ತಿ ಮೊಕದ್ದಮೆಯಲ್ಲೇ ಹೇಳಿದ್ದಾರೆ. ಖರ್ಚಿಲ್ಲದೆ ವಕೀಲರನ್ನು ಪಡೆಯುವುದು ಬಡವನ ಹಕ್ಕು, ಭಿಕ್ಷೆಯಲ್ಲ.

ಪರಭಾಷೆಯ ಊರಿನಲ್ಲಿ ದುಡಿಯುವ ನಮ್ಮ ಹುಡುಗನಿಗೆ ಠಾಣೆಯಲ್ಲಿ ಮುಂದಿಟ್ಟ ಕಾಗದದ ಭಾಷೆಯೇ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಹೋಟೆಲು, ಪ್ರತಿ ಖಾತೆಯ ಕಾರ್ಮಿಕರಿಗೂ ನಮ್ಮ ಸಲಹೆ ಇದು: ಓದಿಸಿ ತಿಳಿದುಕೊಳ್ಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಜೊತೆಯವನನ್ನು ಕರೆದೊಯ್ದರೆ "ನಮಗೇಕೆ ಊರ ಉಸಾಬರಿ" ಎಂದು ಕಂಬಳಿ ಹೊದ್ದು ಮಲಗಬೇಡಿ; ಯಾವ ಠಾಣೆ, ಎಷ್ಟು ಹೊತ್ತಿಗೆ, ಯಾರು ಕರೆದೊಯ್ದರು ಎಂಬುದನ್ನು ಬರೆದಿಟ್ಟು ಆ ರಾತ್ರಿಯೇ ಸಂಘಕ್ಕೆ ತಿಳಿಸಿ. ಕೆಲಸದ ಹಾಜರಿ ಪುಸ್ತಕದ ಒಂದು ಸಾಲು ನಾಳೆ ಒಬ್ಬನ ಪ್ರಾಣ ಉಳಿಸಬಹುದು.

ಸರಕಾರಕ್ಕೆ ನಮ್ಮ ಬೇಡಿಕೆಯೂ ಸ್ಪಷ್ಟವಾಗಿದೆ. ತಪ್ಪಾಗಿ ಜೈಲಿಗೆ ಹೋದವರಿಗೆ ಪರಿಹಾರ ಕೊಡುವ ಕಾನೂನು ತನ್ನಿರೆಂದು ಕಾನೂನು ಆಯೋಗವೇ ೨೦೧೮ರಲ್ಲಿ ತನ್ನ ೨೭೭ನೆಯ ವರದಿಯಲ್ಲಿ ಹೇಳಿತು. ಆ ವರದಿಯ ಧೂಳು ಕೊಡವಿ ಕಾನೂನು ಮಾಡಿ. ಪರಿಹಾರ ದಯೆಯ ದಾನವಾಗದೆ ಹಕ್ಕಿನ ಬಾಕಿಯಾಗಲಿ. ಸುಳ್ಳು ಮೊಕದ್ದಮೆ ಕಟ್ಟಿದ ಅಧಿಕಾರಿ ಬಡ್ತಿಯೇರದೆ ಕಟಕಟೆಯೇರಲಿ.

ಮಗಳನ್ನು ಕಳೆದುಕೊಂಡೂ ಬೇರೊಬ್ಬರ ಮಗನಿಗಾಗಿ ಹೋರಾಡಿದ ಆ ತಾಯಿ ನಮ್ಮ ಸಂಘದ ಸದಸ್ಯರಲ್ಲ, ನಮ್ಮ ಭಾಷೆಯವರೂ ಅಲ್ಲ. ಆದರೆ ಸಂಘವೆಂದರೆ ಏನೆಂಬುದನ್ನು ನಮಗೆ ಕಲಿಸಿಕೊಟ್ಟವರು ಅವರು. ಅವರ ಮಗಳಿಗೆ ಸಿಗಬೇಕಾದ ನ್ಯಾಯ ಇನ್ನೂ ಬಾಕಿಯಿದೆ. ಆ ಬಾಕಿಯನ್ನು ಕೇಳುವ ದನಿಗಳಲ್ಲಿ ನಮ್ಮ ದನಿಯೂ ಇರಲಿ.