ಕೆ ಎಂಬ ಏಕಾಕ್ಷರಿ

ಈ ಅಂಕಣದಲ್ಲಿ ಬಿ.ಪಿ., ಶುಗರ್, ಕೊಲೆಸ್ಟರಾಲ್ ಎಂದು ಕೊರೆದದ್ದು ಕೇಳಿ ನಿಮಗೂ ಸಾಕಾಗಿರಬಹುದು. ಹಬ್ಬದ ಸಂಚಿಕೆಯಲ್ಲೂ ಹೋಳಿಗೆ ತಿನ್ನಬೇಡಿ ಎಂದು ಹೇಳಿ ಪಾಪ ಕಟ್ಟಿಕೊಳ್ಳುವುದು ಬೇಡವೆಂದು ಈ ಸಲ ಒಂದೇ ಒಂದು ಇಂಗ್ಲಿಷ್ ಅಕ್ಷರವನ್ನು ಎತ್ತಿಕೊಂಡಿದ್ದೇನೆ. ಕನ್ನಡಕ್ಕೆ, ಕರ್ನಾಟಕಕ್ಕೆ, ಕನ್ನಡ ಕೂಟಕ್ಕೆ ಎಲ್ಲಕ್ಕೂ ಬೇಕಾದ ಅಕ್ಷರ, ಅದೇ ‘ಕೆ’. ಪಾಪ, ನಮ್ಮ ಕಾವೇರಿಯನ್ನು ಮಾತ್ರ ಬ್ರಿಟಿಷರು ‘ಸಿ’ಗೆ ಒಪ್ಪಿಸಿಬಿಟ್ಟರು!

ಒಂದೇ ಅಕ್ಷರಕ್ಕೆ ಹತ್ತಾರು ಅರ್ಥ ಇರುವುದು ನಮಗೇನೂ ಹೊಸದಲ್ಲ. ಸಂಸ್ಕೃತದ ಏಕಾಕ್ಷರ ನಿಘಂಟುಗಳಲ್ಲಿ ‘ಕ’ ಎಂದರೆ ಬ್ರಹ್ಮ, ನೀರು, ತಲೆ, ಸುಖ ಎಂದೆಲ್ಲ ಅರ್ಥಗಳಿವೆ. ನೀರಿನಲ್ಲಿ ಹುಟ್ಟಿದ್ದರಿಂದಲೇ ತಾವರೆ ‘ಕಂಜ’. ಇಂಗ್ಲಿಷಿನ ಕೆ ಹುಟ್ಟಿದ್ದು ಫಿನೀಷಿಯನ್ನರ ‘ಕಾಫ್’ ಎಂಬ ಅಕ್ಷರದಿಂದ. ಕಾಫ್ ಎಂದರೆ ಅಂಗೈ. ನಮ್ಮ ‘ಕೈ’ ಕೂಡ ಕಕಾರದಿಂದಲೇ ಶುರುವಾಗುವುದು ಕೇವಲ ಕಾಕತಾಳೀಯ. ಗ್ರೀಕರು ಅದನ್ನು ‘ಕಪ್ಪಾ’ ಮಾಡಿಕೊಂಡರು. ರೋಮನ್ನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅವರು ‘ಸಿ’ಯಿಂದಲೇ ಕೆಲಸ ಸಾಗಿಸಿ, ಕೆಯನ್ನು ಬೆರಳೆಣಿಕೆಯ ಪದಗಳಿಗೆ ಮೀಸಲಿಟ್ಟರು.

ನಾವು ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ಈ ಕೆ ಎಷ್ಟು ಗೋಳು ಹೊಯ್ದುಕೊಂಡಿತ್ತು ನೆನಪಿದೆಯೇ? ನೈಫ್, ನೀ, ನೋ, ನಾಕ್... ಎಲ್ಲದರ ಬಾಗಿಲಲ್ಲೂ ಕೆ ನಿಂತಿರುತ್ತದೆ, ಆದರೆ ತುಟಿ ಬಿಚ್ಚುವುದಿಲ್ಲ. ಬರೆದದ್ದನ್ನೆಲ್ಲ ಓದುವ ಕನ್ನಡದ ಮಕ್ಕಳಿಗೆ ಇದು ಅನ್ಯಾಯವೇ ಸರಿ. ಹಿಂದೆ ಇಂಗ್ಲಿಷರೂ ಇದನ್ನು ಉಚ್ಚರಿಸುತ್ತಿದ್ದರು. ಜರ್ಮನ್ನರು ಇಂದಿಗೂ ಮಂಡಿಯನ್ನು ‘ಕ್ನೀ’ ಎನ್ನುತ್ತಾರೆ. ಆ ಮಂಡಿ ಮತ್ತು ಸಂಸ್ಕೃತದ ‘ಜಾನು’ ಒಂದೇ ಮೂಲದವು. ಹಾಗೆಯೇ ತಿಳಿಯುವುದು ಎಂಬ ಅರ್ಥದ ‘ನೋ’ ಮತ್ತು ನಮ್ಮ ‘ಜ್ಞಾನ’ ಒಂದೇ ಬಳ್ಳಿಯ ಕಾಯಿಗಳು. ಮೂಗನಾದ ಆ ಕೆ, ಜ್ಞಾನದ ‘ಜ್ಞ’ಕ್ಕೆ ದೂರದ ದಾಯಾದಿ! ಚದುರಂಗದ ಆಟ ಬರೆದುಕೊಳ್ಳುವಾಗಲಂತೂ ಕುದುರೆಗೆ, ಅಂದರೆ ನೈಟ್‌ಗೆ, ಈ ಕೆ ಪೂರ್ತಿ ಕೈತಪ್ಪಿದೆ. ಕಿಂಗ್ ಮೊದಲೇ ಅದನ್ನು ಹಿಡಿದುಕೊಂಡದ್ದರಿಂದ ಕುದುರೆ ‘ಎನ್’ ಆಗಿದೆ.

ಅಮೆರಿಕಕ್ಕೆ ಬಂದಮೇಲೆ ಕೆ ನಮ್ಮ ಸಂಸಾರದ ಸದಸ್ಯನೇ ಆಗಿಬಿಟ್ಟಿತು. ಮಗು ಐದು ವರ್ಷ ತುಂಬಿ ಶಾಲೆಗೆ ಹೊರಟರೆ ‘ಕೆ-12’. ಈ ಕೆ ಜರ್ಮನಿಯ ಫ್ರೋಬೆಲ್ 1840ರಲ್ಲಿ ಹೆಸರಿಟ್ಟ ಕಿಂಡರ್‌ಗಾರ್ಟನ್ನಿನದು. ಸಂಬಳ ಬಂದರೆ ‘401(ಕೆ)’. ಇದರಲ್ಲಿ ಯಾವ ಗೂಢಾರ್ಥವೂ ಇಲ್ಲ, 1978ರಲ್ಲಿ ತೆರಿಗೆ ಕಾನೂನಿಗೆ ಸೇರಿಸಿದ ಒಂದು ಉಪಕಲಮಿನ ಗುರುತು ಅಷ್ಟೆ. ಮದುವೆ ಗೊತ್ತಾದ ಹುಡುಗಿಯನ್ನು ಅಮೆರಿಕದ ಪ್ರಜೆಯೊಬ್ಬ ಕರೆತಂದು 90 ದಿನಗಳೊಳಗೆ ತಾಳಿ ಕಟ್ಟುವುದಾದರೆ ‘ಕೆ-1’ ವೀಸಾ. ಆಕೆಗೆ ಒಡವೆ ಮಾಡಿಸಿದರೆ 22 ಕ್ಯಾರಟ್, ಅದನ್ನು ಇಲ್ಲಿ ಬರೆಯುವುದು ಕೆಯಿಂದ. ಸಂಬಳದ ಮಾತಿನಲ್ಲಿ ಕೆ ಎಂದರೆ ಸಾವಿರ. ಆ ಸಾವಿರದ ಕೆಯನ್ನೇ ಹೊತ್ತ ‘ವೈ2ಕೆ’ ಎಂಬ ಭೂತ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಷ್ಟೋ ಇಂಜಿನಿಯರುಗಳನ್ನು ಈ ದೇಶಕ್ಕೆ ತಂದಿತು. ಭೂತ ಕಾಡಲಿಲ್ಲ, ಬಿಡಿಸಲು ಬಂದವರು ಮನೆ ಕಟ್ಟಿಕೊಂಡು ಇಲ್ಲೇ ಉಳಿದರು! ಬೇಸ್‌ಬಾಲಿನಲ್ಲಿ ಕೆ ಎಂದರೆ ಬ್ಯಾಟುಗಾರ ಔಟ್. ಮಕ್ಕಳಿಗೆ ನಾಲ್ಕು ಸಾಲು ಅಕ್ಕರೆಯ ಸಂದೇಶ ಕಳಿಸಿದರೆ ಬರುವ ಉತ್ತರವೂ ಬರೀ ‘ಕೆ’. ‘ಓಕೆ’ಯಲ್ಲಿ ಒಂದಕ್ಷರ ಉಳಿಸಿ ಆ ಪುಣ್ಯಾತ್ಮರು ಏನು ಮಾಡುತ್ತಾರೋ ದೇವರೇ ಬಲ್ಲ.

ನಮ್ಮ ಹೆಸರುಗಳ ಮುಂದಿನ ಕೆ ಮಾತ್ರ ಬೇರೆಯೇ ಜಾತಿಯದು. ಕೆ.ಎಸ್. ನರಸಿಂಹಸ್ವಾಮಿಯವರ ಕೆ ಕಿಕ್ಕೇರಿ. ಕೆ.ವಿ. ಪುಟ್ಟಪ್ಪನವರ ಕೆ ಕುಪ್ಪಳಿ. ಕೆ. ಶಿವರಾಮ ಕಾರಂತರ ಕೆ ಕೋಟ. ಒಂದೊಂದು ಕೆಯಲ್ಲೂ ಒಂದೊಂದು ಊರು ಅಡಗಿ ಕೂತಿದೆ. ಇಲ್ಲಿನ ಕಚೇರಿಗಳಲ್ಲಿ ಅದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ನಾವು ಊರನ್ನೇ ಮಿಡ್ಲ್ ನೇಮ್ ಮಾಡಿದ್ದೇವೆ. ನಿಮ್ಮ ಕೆ ಯಾವ ಊರು ಎಂದು ನಿಮ್ಮ ಮಕ್ಕಳಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಈ ಹಬ್ಬದಲ್ಲಿ ಹೇಳಿಬಿಡಿ.

ಡಾಕ್ಟರು ಎಲ್ಲಿ ಸುತ್ತಿದರೂ ಕೊನೆಗೆ ಆಸ್ಪತ್ರೆಗೇ ಬರುತ್ತಾನೆ. ನಮ್ಮ ವೃತ್ತಿಯಲ್ಲಿ ಎರಡು ಕೆಗಳಿವೆ. ಹೆಸರು ಒಂದೇ, ಸ್ವಭಾವ ಬೇರೆ.

ಮೊದಲನೆಯದು ಪೊಟ್ಯಾಸಿಯಂ. ಹಂಫ್ರಿ ಡೇವಿ 1807ರಲ್ಲಿ ವಿದ್ಯುತ್ ಹಾಯಿಸಿ ಬೇರ್ಪಡಿಸಿದ ಲೋಹ ಇದು. ಇಂಗ್ಲಿಷ್ ಹೆಸರಿನಲ್ಲಿ ಕೆ ಇಲ್ಲದಿದ್ದರೂ ಇದರ ಸಂಕೇತ ಕೆ, ಏಕೆಂದರೆ ಲ್ಯಾಟಿನ್ ಹೆಸರು ಕೇಲಿಯಂ. ಅದರ ಮೂಲ ಅರಬ್ಬಿಯಲ್ಲಿ ಗಿಡದ ಬೂದಿಗಿರುವ ಪದ. ರಕ್ತದಲ್ಲಿ ಇದು ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. ಬಹಳ ಏರಿದರೂ ಬಹಳ ಇಳಿದರೂ ಹೃದಯದ ತಾಳ ತಪ್ಪುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ.

ಎರಡನೆಯದು ವಿಟಮಿನ್ ಕೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತಸ್ರಾವವಾಗುವುದನ್ನು ಕಂಡರು. ಅದನ್ನು ತಡೆಯುವ ಅಂಶಕ್ಕೆ, ಹೆಪ್ಪುಗಟ್ಟುವಿಕೆಯ ‘ಕೊಆಗುಲೇಷನ್’ ಎಂಬ ಪದದ ಮೊದಲಕ್ಷರದಿಂದ 1935ರಲ್ಲಿ ಕೆ ಎಂದು ಹೆಸರಿಟ್ಟರು. ಇದಕ್ಕಾಗಿ ಎಡ್ವರ್ಡ್ ಡೊಯ್ಸಿಯವರ ಜೊತೆ 1943ರ ನೊಬೆಲ್ ಹಂಚಿಕೊಂಡರು. ತಾಯಿಯಿಂದ ಮಗುವಿಗೆ ಇದು ಹೆಚ್ಚು ದಾಟುವುದಿಲ್ಲ, ಎದೆಹಾಲಿನಲ್ಲೂ ಕಡಿಮೆ. ಹಾಗಾಗಿ ಹುಟ್ಟಿದ ಕೂಡಲೇ ಮಗುವಿನ ತೊಡೆಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಇತ್ತೀಚೆಗೆ ಕೆಲವು ತಂದೆತಾಯಿಗಳು ‘ನಮಗೆ ಬೇಡ’ ಎನ್ನುವುದುಂಟು. ದಯವಿಟ್ಟು ಹಾಗೆನ್ನಬೇಡಿ. ಅದು ಲಸಿಕೆಯಲ್ಲ, ವಿಟಮಿನ್. ಅದಿಲ್ಲದೆ ಮಿದುಳಿನೊಳಗೆ ರಕ್ತಸ್ರಾವವಾದರೆ ಆಗುವ ನಷ್ಟವನ್ನು ಯಾವ ವೈದ್ಯನೂ ತುಂಬಿಕೊಡಲಾರ.

ವಾರ್ಫರಿನ್ ಮಾತ್ರೆ ಈ ವಿಟಮಿನ್ ಕೆಯ ಎದುರಾಳಿ. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು, 1954ರಲ್ಲಿ ಮನುಷ್ಯರ ಔಷಧವಾಯಿತು. ಇದನ್ನು ತೆಗೆದುಕೊಳ್ಳುವವರು ಸೊಪ್ಪನ್ನೇ ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ, ಅದಕ್ಕೆ ತಕ್ಕಂತೆ ಡಾಕ್ಟರು ಮಾತ್ರೆಯ ಪ್ರಮಾಣ ಹೊಂದಿಸುತ್ತಾರೆ. ತಿಂಗಳುಗಟ್ಟಲೆ ಬಿಟ್ಟು, ಹಬ್ಬದ ವಾರ ದಿನವೂ ಪಾಲಕ್ ತಿಂದರೆ ಲೆಕ್ಕ ತಪ್ಪುತ್ತದೆ. 2010ರಿಂದೀಚೆಗೆ ಬಂದಿರುವ ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಸೊಪ್ಪಿನ ಈ ಕಟ್ಟುಪಾಡಿಲ್ಲ.

ಈಗ ಇವೆರಡೂ ಅದಲುಬದಲಾದರೆ? ಊರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಒಂದು ಸಮಾರಂಭದಲ್ಲಿ ಸಿಕ್ಕಾಗ, “ಸೊಪ್ಪು ಬಿಟ್ಟು ಹದಿನೈದು ದಿನ ಆಯ್ತು ಡಾಕ್ಟ್ರೇ, ಬಸ್ಸಾರಿಲ್ದೆ ಊಟಾನೇ ಸೇರಲ್ಲ” ಎಂದರು. ವಿಚಾರಿಸಿದರೆ, ರಕ್ತಪರೀಕ್ಷೆಯಾದ ಮೇಲೆ ಯಾರೋ ಫೋನಿನಲ್ಲಿ ‘ಕೆ ಜಾಸ್ತಿಯಿದೆ’ ಎಂದಷ್ಟೇ ಹೇಳಿದ್ದಾರೆ. ಮಗ ಅದನ್ನು ವಿಟಮಿನ್ ಎಂದುಕೊಂಡು ಸೊಪ್ಪು ನಿಲ್ಲಿಸಿದ್ದಾನೆ. ಮಗನ ಫೋನಿನಲ್ಲಿದ್ದ ವರದಿ ನೋಡಿದೆ. ಪೊಟ್ಯಾಸಿಯಂ 5.9! ಮೂತ್ರಪಿಂಡ ಮೊದಲೇ ದುರ್ಬಲ, ಬಿ.ಪಿ.ಗೆ ಪೊಟ್ಯಾಸಿಯಂ ಏರಿಸಬಲ್ಲ ಮಾತ್ರೆ. ಅದರ ಮೇಲೆ ‘ತಂಪು’ ಎಂದು ದಿನಕ್ಕೆರಡು ಡಬ್ಬಿ ಎಳನೀರು, ‘ಬಿ.ಪಿ.ಗೆ ಒಳ್ಳೆಯದು’ ಎಂದು ಸೋಡಿಯಂ ಕಡಿಮೆಯ ಉಪ್ಪು. ಅಂಥ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ಕ್ಲೋರೈಡು. ಒಂದು ಲೋಟ ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಬಾಳೆಹಣ್ಣಿಗಿಂತ ಹೆಚ್ಚು. ಅವತ್ತೇ ತುರ್ತು ಚಿಕಿತ್ಸೆಗೆ ಕಳಿಸಿದೆ. ಇಸಿಜಿಯಾಯಿತು, ಮಾತ್ರೆ ಬದಲಾಯಿತು, ಎಳನೀರು ಮತ್ತು ಆ ಉಪ್ಪು ನಿಂತವು. ಕೆ ಇಳಿಯಿತು, ಹಿರಿಯರು ಊರಿಗೆ ಸುಖವಾಗಿ ಮರಳಿದರು.

ಮೂತ್ರಪಿಂಡ ಚೆನ್ನಾಗಿರುವವರು ಎಳನೀರಿಗೆ ಹೆದರಬೇಕಿಲ್ಲ, ಧಾರಾಳವಾಗಿ ಕುಡಿಯಿರಿ. ನಾನು ಕೇಳಿಕೊಳ್ಳುವುದು ಇಷ್ಟೇ. ಅಪ್ಪ ಅಮ್ಮನ ವರದಿಯಲ್ಲಿ ಒಂಟಿ ಅಕ್ಷರ ಕಂಡರೆ ‘ಇದರ ಪೂರ್ತಿ ಹೆಸರೇನು?’ ಎಂದು ಕೇಳಿ. ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಿ. ಏನು ಬಿಡಬೇಕು, ಏನು ತಿನ್ನಬಹುದು ಎಂದು ಬಾಳೆಹಣ್ಣು, ಎಳನೀರು, ಸೊಪ್ಪು, ಉಪ್ಪು ಎಲ್ಲದರ ಹೆಸರು ಹಿಡಿದೇ ವಿಚಾರಿಸಿ. ಇಲ್ಲಿನ ಡಾಕ್ಟರಿಗೆ ನಿಮ್ಮ ಮನೆಯ ಬಸ್ಸಾರು ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಕೇಳುವುದಕ್ಕೆ ಸಂಕೋಚ ಬೇಡ. ‘ಕೇಳು’ ಎಂಬುದೂ ಕಕಾರದಿಂದಲೇ ಶುರುವಾಗುವ ಮಾತಲ್ಲವೇ?

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಹೋಳಿಗೆ ಒಂದು ಸಾಕು. ಸರಿ, ಹಬ್ಬವಲ್ಲವೇ, ಎರಡು!