ಬೀಗದ ಕೈ ಗೊಂಚಲು

ಇಲ್ಲಿಯ ಬಂಗಾಳಿ ಗೃಹಿಣಿಯರು ಬೀಗದ ಕೈ ಗೊಂಚಲನ್ನು ಸೆರಗಿನ ತುದಿಗೆ ಕಟ್ಟಿ ಬೆನ್ನಿನ ಮೇಲೆ ಇಳಿಬಿಡುತ್ತಿದ್ದುದನ್ನು ನಮ್ಮ ಹಿರಿಯ ಓದುಗರು ಬಲ್ಲರು. 2013ರಲ್ಲಿ ಬಂದ ಐಕ್ಲೌಡ್ ಕೀಚೈನ್ ಎಂಬುದರ ಹೆಸರಿಗೂ ಅದೇ ಅರ್ಥ. ಸೆರಗು ಮಾತ್ರ ಇಲ್ಲ. ಮನೆಯ ವೈಫೈ ಪಾಸ್‌ವರ್ಡನ್ನು ಐಫೋನಿನಲ್ಲಿ ಒಮ್ಮೆ ಬರೆದರಾಯಿತು, ಅದೇ ಖಾತೆಯ ಐಪ್ಯಾಡಿಗೂ ಮ್ಯಾಕ್ ಗಣಕಕ್ಕೂ ಅದು ತಾನಾಗಿ ಹೋಗಿ ಸೇರುತ್ತದೆ. ಅನುಕೂಲವೇನೋ ಹೌದು. ಆದರೆ ಹಳೆಯ ಫೋನನ್ನು ಚಾಂದ್ನಿ ಚೌಕದಲ್ಲಿ ಮಾರುವವರು, ಮೇಲ್ಮಹಡಿಯ ಹುಡುಗನಿಗೆ ಕೊಡುವವರು ಗಮನಿಸಬೇಕು: ನಿಮ್ಮ ಖಾತೆ ಅದರಲ್ಲಿಯೇ ಉಳಿದಿದ್ದರೆ, ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಹೊಸದು ಅಲ್ಲಿಗೂ ತಲುಪೀತು. ಬ್ಯಾಂಕಿನದನ್ನು ಕೂಡಿಟ್ಟಿದ್ದರೆ ಅದೂ! ಕೊಡುವ ಮುನ್ನ ಖಾತೆಯಿಂದ ಹೊರಬಂದು, ಫೋನನ್ನು ಪೂರ್ತಿ ಅಳಿಸಿರಿ. ಈಗಾಗಲೇ ಕೊಟ್ಟಾಗಿದ್ದರೆ ಹುಡುಗನನ್ನು ಕರೆದು, ಚಹ ಕೊಟ್ಟು, ಅವನೆದುರಿಗೇ ಆ ಕೆಲಸ ಮುಗಿಸಿರಿ.