ಮೀನಿನ ತಪಾಸಣೆ ಸಗಟು ಹಂತದಲ್ಲೇ ಆಗಲಿ



ಮಂಗಳೂರು, ಮಲ್ಪೆಯ ಬಂಗುಡೆ, ಬೂತಾಯಿಗಳು ಸುಮಾರು 350–400 ಕಿ.ಮೀ. ದಾಟಿ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಅಂಗಡಿಗಳಿಗೆ ಬರುತ್ತವೆ. ದಾರಿಯಲ್ಲಿ ಐಸ್ ಸಾಲದಿದ್ದರೆ ಬಂಗುಡೆಯಂಥ ಮೀನಿನಲ್ಲಿ ಹಿಸ್ಟಮಿನ್ ಎಂಬ ಹಾನಿಕಾರಕ ವಸ್ತು ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ಕೆಡುವುದನ್ನು ತಡೆಯಲು ಕೆಲವರು ಬಳಸುವ ಫಾರ್ಮಲಿನ್ ಇನ್ನೂ ಅಪಾಯಕಾರಿ. ಅದರಲ್ಲಿರುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. 2018ರಲ್ಲಿ ಕೇರಳ ‘ಆಪರೇಷನ್ ಸಾಗರ್ ರಾಣಿ’ ಎಂಬ ತಪಾಸಣೆ ನಡೆಸಿದಾಗ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಲಿನ್ ಬೆರೆತ ಸಾವಿರಾರು ಕಿಲೋ ಮೀನು ಸಿಕ್ಕಿತು. ಹುಡುಕಿದ್ದರಿಂದಲೇ ಅದು ಸಿಕ್ಕಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯಿಂದ ಕೆಲವೇ ನಿಮಿಷಗಳಲ್ಲಿ ಫಾರ್ಮಲಿನ್ ಪರೀಕ್ಷೆ ಮಾಡಬಹುದು.

ಕೆಲವು ಸಮುದ್ರ ಮೀನುಗಳಲ್ಲಿ ಫಾರ್ಮಾಲ್ಡಿಹೈಡ್ ಸಹಜವಾಗಿಯೇ ಇರುತ್ತದೆ, ಪಟ್ಟಿಯ ಬಣ್ಣ ನೋಡಿ ವ್ಯಾಪಾರಿಯನ್ನು ದೂರುವುದು ಅನ್ಯಾಯ ಎಂಬ ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಪಟ್ಟಿಯಲ್ಲಿ ಸಂಶಯ ಕಂಡ ಮೀನನ್ನು ತಡೆಹಿಡಿದು, ಪ್ರಯೋಗಾಲಯದ ವರದಿ ಬಂದ ಮೇಲಷ್ಟೇ ಕ್ರಮ ಕೈಗೊಳ್ಳಲಿ. ಬುಟ್ಟಿಯಲ್ಲಿ ಮೀನು ಮಾರಿ ಬದುಕುವ ಹೆಂಗಸರಿಗೆ ತೊಂದರೆಯಾಗಬಾರದು. ಅವರು ರಾಸಾಯನಿಕ ಬೆರೆಸುವವರಲ್ಲ, ಬಂದದ್ದನ್ನು ಕೊಳ್ಳುವವರು. ಲಾರಿ ಬಂದಿಳಿಯುವ ಸಗಟು ಹಂತದಲ್ಲಿ, ಬೆಳಗಿನ ಜಾವವೇ ತಪಾಸಣೆ ನಡೆದರೆ ಅವರಿಗೂ ರಕ್ಷಣೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮೀನಿನ ಕಬಾಬ್‌ಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಹಸಿ ಮೀನಿನ ವಿಷಯದಲ್ಲೂ ಅಷ್ಟೇ ಕಾಳಜಿ ಬೇಕು. ಆಹಾರ ಸುರಕ್ಷತಾ ಇಲಾಖೆ ಭಾನುವಾರಗಳಂದು ಸಂಚಾರಿ ಪ್ರಯೋಗಾಲಯವನ್ನು ನಮ್ಮ ಬಡಾವಣೆಗಳಿಗೂ ಕಳಿಸಲಿ, ಫಲಿತಾಂಶವನ್ನು ಮಾರುಕಟ್ಟೆಯ ಫಲಕದಲ್ಲಿ ಕನ್ನಡದಲ್ಲೇ ಪ್ರಕಟಿಸಲಿ ಎಂದು ವಿನಂತಿ.

– ಓದುಗ, ವಿಜಯನಗರ, ಬೆಂಗಳೂರು